ದೂಮಜ್ಜನನ್ನು ಕರೆದ ಗಾಳಿ

ನಾನು ಒಂದು ಸಿಲಿಂಡರ್. ಹಾಗೆಂದ ಕೂಡಲೇ ನಿಮ್ಮ ಮೂಗು ಗ್ಯಾಸಿನ ವಾಸನೆ ಹುಡುಕತೊಡಗುತ್ತದೆ. ಬೇಡ, ನಾನು ಅಡುಗೆಮನೆಯ ಪೈಕಿಯವನಲ್ಲ. ಆಸ್ಪತ್ರೆಯ ಪೈಕಿಯವನೂ ಅಲ್ಲ. ನನ್ನನ್ನು ಕಂಡವರೆಲ್ಲ "ಅದೋ ಆಕ್ಸಿಜನ್ ಸಿಲಿಂಡರ್" ಎಂದು ಬೆರಳು ತೋರಿಸುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನನ್ನೊಳಗೆ ಇರುತ್ತಿದ್ದದ್ದು ಬರೀ ಗಾಳಿ. ನೀವು ಈಗಷ್ಟೇ ಪುಕ್ಕಟೆ ಎಳೆದುಕೊಂಡಿರಲ್ಲ, ಅದೇ. ಅದನ್ನು ನನ್ನೊಳಗೆ ಒತ್ತಿ ಒತ್ತಿ ತುಂಬುತ್ತಿದ್ದರು, ನಾನು ಅದನ್ನು ಸಮುದ್ರದ ತಳದಲ್ಲಿ ಮನುಷ್ಯರಿಗೆ ಒಂದೊಂದೇ ಉಸಿರಾಗಿ ಕೊಡುತ್ತಿದ್ದೆ.

ಹುಟ್ಟುವಾಗ ನಾನೊಂದು ಅಲ್ಯೂಮಿನಿಯಮ್ಮಿನ ದಪ್ಪ ಬಿಲ್ಲೆ. ದೊಡ್ಡದೊಂದು ಯಂತ್ರ ಮೇಲಿನಿಂದ ಬಂದು ಒಂದೇ ಸಲ ಒತ್ತಿತು, ನಾನು ಉದ್ದನೆಯ ಲೋಟವಾದೆ. ಬಾಯನ್ನು ಕಾಯಿಸಿ ಕಿರಿದು ಮಾಡಿದರು, ಅದೇ ನನ್ನ ಕುತ್ತಿಗೆ. ಆಮೇಲೆ ಹೊಟ್ಟೆ ತುಂಬ ನೀರು ತುಂಬಿಸಿ, ಒಡೆಯುತ್ತಾನೋ ಎಂದು ನೋಡುವ ಹಾಗೆ ಹಿಂಸೆ ಕೊಟ್ಟರು. ನಾನು ಒಡೆಯಲಿಲ್ಲ. ಮೆಚ್ಚಿಕೊಂಡು ಹುಟ್ಟಿದ ತಿಂಗಳನ್ನು ಹೆಗಲ ಮೇಲೆ ಕೊರೆದು ಮೈಗೆ ಹಳದಿ ಬಣ್ಣ ಬಳಿದರು. ಅಂದಿನ ನನ್ನ ಚೆಲುವನ್ನು ನೀವು ನೋಡಬೇಕಿತ್ತು.

ನನ್ನ ಮೊದಲ ಯಜಮಾನ ಮುಂಬಯಿಯ ಒಬ್ಬ ಸಾಹೇಬ. ಅವನು ನನ್ನನ್ನು ಕೊಂಡದ್ದು ಸಮುದ್ರಕ್ಕಲ್ಲ, ಬಂದವರಿಗೆ ತೋರಿಸಲಿಕ್ಕೆ. ಬೈಠಕ್ಕಿನ ಮೂಲೆಯಲ್ಲಿ, ಗಾಜಿನ ಕಪಾಟಿನ ಪಕ್ಕ ನಿಂತು ನಾನು ಅವನ ಬಡಾಯಿಗಳನ್ನೆಲ್ಲ ಕೇಳಿದೆ. ಶಾರ್ಕಿನ ಕಥೆಯಂತೂ ನನಗೆ ಬಾಯಿಪಾಠ. ಅವನ ಬೆನ್ನು ಒಂದು ಸಲವೂ ನನಗೆ ತಾಗಲಿಲ್ಲ. ಮನೆ ಬದಲಿಸುವಾಗ ಅವನು ನನ್ನನ್ನು ಮಾರಿದ, ಗೋವಾದ ಅಂಗಡಿಯೊಂದಕ್ಕೆ ಬಂದೆ. ಅಲ್ಲಿ ಪ್ರವಾಸಿಗಳು ನನ್ನನ್ನು ಹೊತ್ತು ಎದೆಯಾಳದ ನೀರಿನಲ್ಲಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಬಣ್ಣ ಕಿತ್ತು ಬಂತು. ಕೊನೆಗೆ ನಾನು ತಿಪ್ಪೇಸ್ವಾಮಿಯವರ ಕೈಗೆ ಬಂದೆ, ಅಲ್ಲಿಂದ ನನ್ನ ನಿಜವಾದ ಬದುಕು ಶುರುವಾಯಿತು.

ತಿಪ್ಪೇಸ್ವಾಮಿಯವರು ಚಿತ್ರದುರ್ಗದ ಕಡೆಯವರು. ಚಿಕ್ಕಂದಿನಲ್ಲಿ ಸಮುದ್ರ ಕಂಡವರಲ್ಲ. ನೌಕಾಪಡೆಗೆ ಸೇರಿ ಮುಳುಗುಗಾರರಾಗಿ, ನಿವೃತ್ತಿಯಾದ ಮೇಲೆ ಬಡಾಕೋಡಿ ಬಂದರಿನಲ್ಲಿ ಡೈವಿಂಗ್ ಕಲಿಸುವ ಶಾಲೆ ತೆರೆದಿದ್ದರು. ಊರಿಗೆ ತುಳು, ಅವರಿಗೆ ಕನ್ನಡ. ಮೀನು ಕೊಳ್ಳುವಷ್ಟು ತುಳು ಮಾತ್ರ ಕಲಿತಿದ್ದರು, ಅದರಲ್ಲೂ ಮೋಸ ಹೋಗುತ್ತಿದ್ದರು.

ಆ ಬಂದರಿನಾಚೆ ಕಡಲಿನಲ್ಲಿ ಹಡಗುಪಾದೆ ಎಂಬ ಜಾಗ ಇತ್ತು. ಅಲ್ಲಿ ಬಲೆ ಹಾಕಿದರೆ ಹರಿಯುತ್ತದೆ ಎಂದು ಮೀನುಗಾರರು ಅದನ್ನು ಸುತ್ತಿ ಹೋಗುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಜಲಾಂತರ್ಗಾಮಿ ಮುಳುಗಿಸಿದ ಹಡಗೊಂದು ಅಡಿಯಲ್ಲಿ ಮಲಗಿದೆ ಎಂದು ಹೇಳುತ್ತಿದ್ದರು, ಯಾವ ಹಡಗೆಂದು ಯಾರಿಗೂ ಗೊತ್ತಿರಲಿಲ್ಲ. ತಿಪ್ಪೇಸ್ವಾಮಿಯವರು ಒಂದು ದಿನ ನನ್ನನ್ನು ಹೊತ್ತು ಇಳಿದು, ಹಡಗಿನ ಚಿಪ್ಪುಗಟ್ಟಿದ ಗಂಟೆಯನ್ನು ಕೆರೆದು ಅದರ ಮೇಲಿದ್ದ ಹಡಗಿನ ಹೆಸರು ಓದಿ ಬಂದರು: ವಿಂಟರ್‌ಬೋರ್ನ್. ಪತ್ರಿಕೆಯಲ್ಲಿ ಬಂತು. ಪತ್ರಿಕೆ ನನ್ನ ಹೆಸರನ್ನು ಹಾಕಲಿಲ್ಲ, ಇರಲಿ.

ಮರುದಿನವೇ ಶಾಲೆಯ ಬಾಗಿಲಲ್ಲಿ ಬೇಬಿಯಕ್ಕ ಬಂದು ನಿಂತರು. ಹೆಸರು ಬೇಬಿ ತಿಂಗಳಾಯ, ಪ್ರಾಯ ಐವತ್ತರ ಹತ್ತಿರ, ಬಂದರಿನ ಮಾರ್ಕೆಟಿನಲ್ಲಿ ಮೀನು ಮಾರುವವರು. ಅವರು ಬಂಗುಡೆಯ ಕ್ರಯ ಹೇಳಿದರೆ ಮಾರ್ಕೆಟಿನ ಆಚೆ ತುದಿಯ ಬೆಕ್ಕು ಎದ್ದು ಕೂರುತ್ತಿತ್ತು. ತಮ್ಮನ್ನು ಆ ಹಡಗಿಗೆ ಇಳಿಸಬೇಕು ಎಂದು ಅವರು ಕೇಳಿದರು. ಈಜು ಬರುತ್ತದೆಯೇ ಎಂದು ತಿಪ್ಪೇಸ್ವಾಮಿ ಕೇಳಿದರು. ಬರುವುದಿಲ್ಲ. ದೋಣಿ ಹತ್ತಿದ್ದೀರಾ? ನಮ್ಮಲ್ಲಿ ಹೆಂಗಸರು ದೋಣಿ ಹತ್ತುವುದಿಲ್ಲ, ಆದರೆ ಈಗ ಹತ್ತುತ್ತೇನೆ ಎಂದರು.

ಅವರು ಒಂದಿಡೀ ಚಳಿಗಾಲ ಹೋಟೆಲೊಂದರ ಈಜುಕೊಳದಲ್ಲಿ ಕಲಿತರು. ನೀರು ಕುಡಿದರು, ಕೆಮ್ಮಿದರು, ಬೈದರು. ನನ್ನ ಮೈ ಎಷ್ಟು ಭಾರ ಎಂದು ನನ್ನೆದುರೇ ಹೇಳಿದರು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಉಸಿರನ್ನು ಉದ್ದಕ್ಕೆ, ನಿಧಾನಕ್ಕೆ ಎಳೆಯುವುದನ್ನು ಅವರಷ್ಟು ಚೆನ್ನಾಗಿ ಕಲಿತವರನ್ನು ನಾನು ಕಂಡಿಲ್ಲ. ತಿಪ್ಪೇಸ್ವಾಮಿಯವರು ಇದು ಹಳೆಯ ಹಡಗು ನೋಡುವ ಹುಚ್ಚು ಎಂದೇ ತಿಳಿದಿದ್ದರು. ನಿಜವಾದ ಕಾರಣ ಗೊತ್ತಿದ್ದದ್ದು ನನಗೊಬ್ಬನಿಗೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರು ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು, ನಾನು ಅಲ್ಲೇ ಗೋಡೆಗೆ ಒರಗಿರುತ್ತಿದ್ದೆ.

ಬೇಬಿಯಕ್ಕನ ಅಜ್ಜ, ಎಂದರೆ ತಾಯಿಯ ಅಪ್ಪ, ದೂಮಜ್ಜ. ವಿಂಟರ್‌ಬೋರ್ನ್ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಖಲಾಸಿಯಾಗಿ ಹೋದವರು. ಹಡಗು ಹೋಯಿತು ಎಂಬ ಸುದ್ದಿ ಮಾತ್ರ ಮನೆಗೆ ಬಂತು. ಎಲ್ಲಿ ಹೋಯಿತೆಂದು ಹೇಳುವವರಿರಲಿಲ್ಲ. ಆಗ ಬೇಬಿಯಕ್ಕನ ತಾಯಿ ಲಚ್ಚಮ್ಮ ಇನ್ನೂ ಹೊಟ್ಟೆಯಲ್ಲಿದ್ದರು. ಆ ಮನೆಯ ಕ್ರಮದಲ್ಲಿ, ಸತ್ತವರನ್ನು ಮನೆಯೊಳಗೆ ಕರೆದು ಹಿರಿಯರ ಸಾಲಿಗೆ ಸೇರಿಸಬೇಕು. ಹೊರಗೆ ಸತ್ತವರಾದರೆ, ಸತ್ತ ಜಾಗದಲ್ಲಿ ನಿಂತು ಮೂರು ಸಲ ಹೆಸರು ಹಿಡಿದು ಕರೆಯಬೇಕು. ಮೊದಲ ಕರೆಯಿಂದ ಮನೆಯ ಹೊಸ್ತಿಲು ದಾಟುವ ತನಕ ಕರೆದವರು ಹಿಂದಿರುಗಿ ನೋಡಬಾರದು. ನೋಡಿದರೆ ಬರುವವರು ಅಲ್ಲೇ ನಿಂತುಬಿಡುತ್ತಾರೆ, ಆಮೇಲೆ ಕರೆದರೂ ಬರುವುದಿಲ್ಲ. ಜಾಗವೇ ಗೊತ್ತಿಲ್ಲದೆ ದೂಮಜ್ಜ ಇಷ್ಟು ವರ್ಷ ಹೊರಗೇ ಉಳಿದಿದ್ದರು. ಎಪ್ಪತ್ತು ದಾಟಿದ ಲಚ್ಚಮ್ಮನಿಗೆ ತಾನು ಹೋಗುವ ಮೊದಲು ಅಪ್ಪ ಮನೆಗೆ ಬರಬೇಕಿತ್ತು. ಅಷ್ಟೇ ಅವರ ಆಸೆ.

ಕಡಲು ತಿಳಿಯಾಗಿದ್ದ ಒಂದು ಬೆಳಿಗ್ಗೆ ನಾವು ಹೊರಟೆವು. ಬೇಬಿಯಕ್ಕ, ತಿಪ್ಪೇಸ್ವಾಮಿ, ದೋಣಿ ನಡೆಸುವವರು, ಮತ್ತು ನಾನು. ಲಂಗರಿನ ಹಗ್ಗ ಹಿಡಿದು ಇಳಿದೆವು. ನನ್ನ ಕಣ್ಣು ಯಾವಾಗಲೂ ಹಿಂದಕ್ಕೇ ಎಂಬುದು ನಿಮಗೆ ತಿಳಿದಿರಲಿ. ಹೊತ್ತವರು ಮುಂದೆ ನೋಡಿದರೆ ನಾನು ಅವರು ಬಿಟ್ಟುಬಂದದ್ದನ್ನು ನೋಡುತ್ತೇನೆ, ಅವರ ಎದುರಿಗೆ ನಡೆದದ್ದು ನನಗೆ ಆಮೇಲೆ ಅವರ ಮಾತಿನಿಂದ ತಿಳಿಯುತ್ತದೆ. ಹಾಗಾಗಿ ಹಡಗನ್ನು ಮೊದಲು ಕಂಡದ್ದು ಅವರು. ಅವರ ಉಸಿರು ಒಮ್ಮೆಗೇ ನಿಂತದ್ದರಿಂದ ನನಗೆ ಅದು ತಿಳಿಯಿತು. ಆಮೇಲೆ ಒಂದೊಂದೇ ನನ್ನ ಮುಂದೆ ಹಾದುಹೋಯಿತು: ಮುರಿದ ಕಂಬ, ಅದಕ್ಕೆ ಜೋತುಬಿದ್ದ ಹಳೆಯ ಬಲೆಗಳು, ಮಿಲಿಟರಿ ಲಾರಿಗಳ ಟಯರು, ಒಂದರ ಮೇಲೊಂದು ಬಿದ್ದ ಸಿಪಾಯಿಗಳ ಬೂಟುಗಳು. ಯಾರೂ ಹಾಕಿಕೊಳ್ಳದೆ ಉಳಿದ ಆ ಬೂಟುಗಳನ್ನು ಕಂಡು ನನಗೆ ನಿಜಕ್ಕೂ ದುಃಖವಾಯಿತು.

ಬೇಬಿಯಕ್ಕ ನೇರ ಬಾಯ್ಲರಿನ ಬಳಿಗೆ ಹೋದರು. ಮನೆಯಷ್ಟು ದೊಡ್ಡ ಕಬ್ಬಿಣದ ಪೀಪಾಯಿ ಅದು. ಅದರ ಮೇಲೆ ಅಂಗೈ ಇಟ್ಟು ಒಂದು ಉಸಿರು ಎಳೆದುಕೊಂಡರು. ಬಾಯಲ್ಲಿ ನನ್ನ ಕೊಳವೆಯ ರಬ್ಬರನ್ನು ಕಚ್ಚಿಕೊಂಡು ಮಾತಾಡುವುದು ಸುಲಭವಲ್ಲ, ಆದರೆ ಮಾರ್ಕೆಟಿನ ಗಂಟಲು ಅದು. "ದೂಮಜ್ಜಾ, ಬಲೆ" ಎಂದು ಕರೆದರು. ಸ್ವರ ಗೊಗ್ಗರಾಗಿ, ಗುಳ್ಳೆಗಳ ಜೊತೆ ಸೇರಿ ಎದ್ದಿತು. ಎರಡನೇ ಸಲ ಇನ್ನೂ ಜೋರಾಗಿ ಕರೆದರು.

ಅಲ್ಲಿಗೇ ಎಡವಟ್ಟಾಯಿತು. ಕೆಲವು ಮಾರು ಹಿಂದೆ ಇದ್ದ ತಿಪ್ಪೇಸ್ವಾಮಿಯವರ ಕಿವಿಗೆ ಹೆಸರು ಬೀಳಲಿಲ್ಲ, ಬಲೆ ಎಂಬುದೊಂದು ಸ್ಪಷ್ಟವಾಗಿ ಬಿತ್ತು. ಸುತ್ತ ನೋಡಿದರೆ ಹಳೆಯ ಬಲೆಗಳು. ಮುಳುಗುವವರಿಗೆ ಅದಕ್ಕಿಂತ ದೊಡ್ಡ ಭಯವಿಲ್ಲ. ಅವರು ಚಾಕು ಹಿರಿದು, ಅದರ ಹಿಡಿಯಿಂದ ತಮ್ಮ ಸಿಲಿಂಡರನ್ನು ಟಣ್ ಟಣ್ ಎಂದು ಬಡಿದರು. ಇಲ್ಲಿ ನೋಡಿ ಎಂದು ಅದರ ಅರ್ಥ. ಬೇಬಿಯಕ್ಕ ನೋಡಲಿಲ್ಲ. ನೋಡುವ ಹಾಗಿರಲಿಲ್ಲ. ಕುತ್ತಿಗೆ ಬಿಗಿದುಕೊಂಡು ಬಾಯ್ಲರನ್ನೇ ದಿಟ್ಟಿಸುತ್ತಿದ್ದರು. ತಲೆಯನ್ನೂ ತಿರುಗಿಸಲಾಗದಷ್ಟು ಸಿಕ್ಕಿಬಿದ್ದಿದ್ದಾರೆ ಎಂದುಕೊಂಡ ತಿಪ್ಪೇಸ್ವಾಮಿ ರಭಸದಿಂದ ಬಂದು ನನ್ನ ಕುತ್ತಿಗೆ ಹಿಡಿದರು. ಬೇಬಿಯಕ್ಕನ ಸುತ್ತೆಲ್ಲ ತಡಕಾಡಿದರು. ಬಲೆ ಎಲ್ಲಿಯೂ ಇಲ್ಲ.

ಅವರು ಮುಂದೆ ಬಂದು ಹೆಬ್ಬೆರಳನ್ನು ಮೇಲೆತ್ತಿದರು. ನೆಲದ ಮೇಲೆ ಅದು ಶಹಬ್ಬಾಸ್ ಇರಬಹುದು, ನೀರಿನಡಿ ಅದಕ್ಕೆ ಒಂದೇ ಅರ್ಥ: ಈಗಲೇ ಮೇಲೆ ಹೋಗುವುದು. ಹೆಬ್ಬೆರಳಿಗೆ ಎದುರು ವಾದವಿಲ್ಲ, ಕಲಿಸಿದ ಮೊದಲ ಪಾಠ ಅದು. ಬೇಬಿಯಕ್ಕನಿಗೂ ಅದು ಚೆನ್ನಾಗಿ ಗೊತ್ತಿತ್ತು. ಎರಡು ಕರೆ ಆಗಿದೆ, ಮೂರನೆಯದು ಬಾಕಿ. ಈಗ ಮೇಲೆ ಹೋದರೆ ದೂಮಜ್ಜ ಅರ್ಧದಲ್ಲಿ ಉಳಿದುಬಿಡುತ್ತಾರೆ. ಅವರು ಒಂದು ಬೆರಳು ತೋರಿಸಿದರು, ಒಂದೇ ಒಂದು. ನನ್ನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತಿಪ್ಪೇಸ್ವಾಮಿ ಅಳತೆಯ ಮುಳ್ಳು ನೋಡಿದರು. ಸಾಕಷ್ಟು ಇತ್ತು, ನಾನು ಕೈಬಿಡುವವನಲ್ಲ. ಆದರೂ ಹೆಬ್ಬೆರಳು ಇಳಿಯಲಿಲ್ಲ.

ಆಗ ಬೇಬಿಯಕ್ಕ ಎರಡೂ ಕೈ ಜೋಡಿಸಿದರು. ಡೈವಿಂಗಿನ ಯಾವ ಪಾಠದಲ್ಲೂ ಆ ಸನ್ನೆ ಇಲ್ಲ. ಆದರೆ ಚಿತ್ರದುರ್ಗದಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ತಿಪ್ಪೇಸ್ವಾಮಿ ಕನ್ನಡಕದೊಳಗಿನ ಅವರ ಕಣ್ಣುಗಳನ್ನು ನೋಡಿದರು. ಏನೂ ಅರ್ಥವಾಗದೆಯೇ ಹೆಬ್ಬೆರಳನ್ನು ಮಡಚಿಕೊಂಡು ಪಕ್ಕಕ್ಕೆ ಸರಿದರು.

ಬೇಬಿಯಕ್ಕ ನನ್ನಿಂದ ಎಳೆದುಕೊಂಡ ಆ ಉಸಿರು ನನ್ನ ಆಯುಸ್ಸಿನಲ್ಲೇ ದೊಡ್ಡದು. ನಾನು ಒಂದಿಷ್ಟೂ ಜಿಪುಣತನ ಮಾಡಲಿಲ್ಲ. "ದೂಮಜ್ಜಾ, ಬಲೆ!" ಬಾಯ್ಲರು ಗುಂಯ್ ಎಂದಿತು. ಮೀನಿನ ಹಿಂಡು ಚದುರಿ ಮತ್ತೆ ಕೂಡಿತು. ಆ ಕರೆಗೆ ಗಾಳಿ ಕೊಟ್ಟವನು ನಾನು ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಏರುವಾಗ ತಿಪ್ಪೇಸ್ವಾಮಿ ಹಿಂದಿನಿಂದ ಮತ್ತೆ ಟಣ್ ಎನಿಸಿದರು. ಬೇಬಿಯಕ್ಕ ತಿರುಗದೆಯೇ ಹೆಗಲ ಮೇಲಿನಿಂದ ಕೈ ಹಿಂದಕ್ಕೆ ಚಾಚಿ, ಎಲ್ಲ ಸರಿ ಎಂದು ಬೆರಳು ದುಂಡಗೆ ಮಾಡಿ ತೋರಿಸಿದರು. ಹಿಂದೆ ನೋಡುತ್ತಿದ್ದವನು ನಾನೊಬ್ಬನೇ. ಬಾಯ್ಲರಿನ ಬಾಯಿಯಿಂದ ದೊಡ್ಡದೊಂದು ಮುರು ಮೀನು ಹೊರಗೆ ಬಂದು, ಹಗ್ಗದ ಬುಡದವರೆಗೂ ನಮ್ಮ ಹಿಂದೆ ಬಂದು ನಿಂತಿತು. ಅದು ದೂಮಜ್ಜ ಎಂದು ನಾನು ಹೇಳುವುದಿಲ್ಲ. ಕಂಡದ್ದನ್ನು ಹೇಳಿದೆ.

ದೋಣಿಯಲ್ಲಿ ತಿಪ್ಪೇಸ್ವಾಮಿ ಅವರೆದುರು ಕೂತು ತರಾಟೆಗೆ ತೆಗೆದುಕೊಂಡರು. "ಬಲೆ ಬಲೆ ಅಂತ ಕಿರುಚಿದ್ರಲ್ರೀ ಅಕ್ಕಾ. ಬಲೇಲಿ ಸಿಕ್ಕಾಕ್ಕಂಡ್ರೇನೋ ಅಂತ ನನ್ ಜೀವ ಬಾಯಿಗ್ ಬಂದಿತ್ತು."

"ಅದು ಮೀನು ಹಿಡಿಯುವ ಬಲೆ ಅಲ್ಲ ಮಾರ್ರೆ" ಎಂದರು ಬೇಬಿಯಕ್ಕ. "ತುಳುವಿನಲ್ಲಿ ಬಲೆ ಅಂದ್ರೆ ಬನ್ನಿ ಅಂತ. ನಾನು ನನ್ನ ಅಜ್ಜನನ್ನು ಕರೆದದ್ದು." ಹಾಗೆಂದು ಎಲ್ಲವನ್ನೂ ಹೇಳಿದರು.

ತಿಪ್ಪೇಸ್ವಾಮಿ ಚಾಕುವನ್ನು ಬಿಚ್ಚಿ ಪಕ್ಕಕ್ಕಿಟ್ಟರು. "ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಇಳಿಸ್ತಿದ್ರಾ ನೀವು?"

"ಇಳಿಸ್ತಿದ್ದೆ ಕಣಕ್ಕಾ. ಚಾಕು ಒಂದು ತೆಗೀತಿರ್ಲಿಲ್ಲ" ಎಂದು ನಕ್ಕರು.

ಬೇಬಿಯಕ್ಕ ನನ್ನನ್ನು ಬೆನ್ನಿನಿಂದ ಇಳಿಸಲು ಬಿಡಲಿಲ್ಲ. ಅಜ್ಜನನ್ನು ಕರೆದ ಗಾಳಿ ಇದರಲ್ಲೇ ಇದೆ, ಅರ್ಧದಲ್ಲಿ ಬಿಟ್ಟು ಹೋಗಲಾಗದು ಎಂದರು. ಹಾಗೆ, ಕಪ್ಪು ರಬ್ಬರಿನ ಉಡುಪಿನಲ್ಲಿ, ನನ್ನನ್ನು ಹೊತ್ತುಕೊಂಡೇ ಅವರು ಬಂದರಿನಲ್ಲಿ ಇಳಿದು ಮಾರ್ಕೆಟಿನ ನಡುವೆ ನಡೆದರು. ಮೀನಿನ ಹೆಂಗಸರು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ವಿಷಯ ಬಾಯಿಂದ ಬಾಯಿಗೆ ಹೋದ ಮೇಲೆ ಒಬ್ಬೊಬ್ಬರೇ ಬುಟ್ಟಿ ಬಿಟ್ಟು ಎದ್ದು ನಿಂತರು, ಹಿಂದೆ ಬಂದರು. ತಿಪ್ಪೇಸ್ವಾಮಿ ನನ್ನ ತಳಕ್ಕೆ ಕೈ ಕೊಟ್ಟು ಭಾರ ಹಿಡಿದುಕೊಂಡೇ ಬಂದರು. ಹಿಂದಕ್ಕೆ ಮುಖ ಮಾಡಿದ್ದ ನನಗೆ ಆ ಇಡೀ ಮೆರವಣಿಗೆ ಕಂಡಿತು. ಗಾಜಿನ ಕಪಾಟಿನ ಪಕ್ಕ ನಿಂತವನಿಗೆ ಇಂಥ ಯೋಗ ಉಂಟೇ?

ಮನೆಯಲ್ಲಿ ದೀಪ ಹಚ್ಚಿದ್ದರು. ಬೇಬಿಯಕ್ಕ ಹೊಸ್ತಿಲ ಹೊರಗೆ ನಿಂತರು. ಒಳಗಿನಿಂದ ಕರೆಯಬೇಕಾದವರು ಲಚ್ಚಮ್ಮ. ಕೈಯಲ್ಲಿ ಚೆಂಬು ಹಿಡಿದು ಅವರು ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ತುಳುವಿನಲ್ಲಿ ಅಪ್ಪನಿಗೆ ಅಮ್ಮೆ ಎನ್ನುತ್ತಾರೆ. ಇಷ್ಟು ವರ್ಷದ ಬದುಕಿನಲ್ಲಿ ಲಚ್ಚಮ್ಮ ಯಾರನ್ನೂ ಆ ಶಬ್ದದಿಂದ ಕರೆದವರಲ್ಲ. ಕರೆಯಲು ಯಾರೂ ಇರಲಿಲ್ಲ.

"ಅಮ್ಮೇ" ಎಂದರು ಕೊನೆಗೆ, ಚಿಕ್ಕ ಹುಡುಗಿಯ ಹಾಗೆ. "ಉಳಾಯಿ ಬಲೆ." ಅಪ್ಪಾ, ಒಳಗೆ ಬನ್ನಿ.

ಬೇಬಿಯಕ್ಕ ಹೊಸ್ತಿಲು ದಾಟಿ, ಮೊದಲ ಸಲ ತಿರುಗಿ ನೋಡಿದರು. ಅಂಗಳದ ತುಂಬ ಜನ ಅಳುತ್ತಿದ್ದರು, ತಿಪ್ಪೇಸ್ವಾಮಿಯವರು ಎಲ್ಲರಿಗಿಂತ ಜಾಸ್ತಿ. ಆಮೇಲೆ ನನ್ನನ್ನು ಇಳಿಸಿ ದೀಪದ ಮುಂದೆ ನಿಲ್ಲಿಸಿದರು. ಸಿಲಿಂಡರನ್ನು ಪೂರ್ತಿ ಖಾಲಿ ಮಾಡಬಾರದು, ಒಳಗೆ ತೇವ ಸೇರುತ್ತದೆ. ತಿಪ್ಪೇಸ್ವಾಮಿಯವರೇ ಆ ಕಟ್ಟಳೆ ಮುರಿದು ನನ್ನ ತಿರುಪನ್ನು ಮೆಲ್ಲಗೆ ಬಿಚ್ಚಿದರು. ಉಳಿದ ಗಾಳಿಯೆಲ್ಲ ಆ ಮನೆಯೊಳಗೆ ಹೋಯಿತು. ಲಚ್ಚಮ್ಮ ಅದಕ್ಕೆ ಅಂಗೈ ಒಡ್ಡಿ, ತಂಪಾಗಿದೆ ಎಂದರು. ಅಷ್ಟು ಸಂತೋಷದಿಂದ ನಾನು ಎಂದೂ ಖಾಲಿಯಾದವನಲ್ಲ.

ಮುಂದೆಯೂ ಎಷ್ಟೋ ಜನರನ್ನು ಆ ಹಡಗಿಗೆ ಕರೆದೊಯ್ದೆ. ಕೊನೆಗೊಮ್ಮೆ ಒತ್ತಡದ ಪರೀಕ್ಷೆಯಲ್ಲಿ ಕುತ್ತಿಗೆಯಲ್ಲಿ ಬಿರುಕು ಕಂಡಿತು. ಇನ್ನು ಯಾರೂ ಗಾಳಿ ತುಂಬದಿರಲಿ ಎಂದು ಹೊಟ್ಟೆಗೆ ತೂತು ಕೊರೆದರು. ಗುಜರಿಗೆ ಹೋಗಬೇಕಿದ್ದವನನ್ನು ಬೇಬಿಯಕ್ಕ ಕೇಳಿ ತೆಗೆದುಕೊಂಡರು. ಈಗ ಅವರ ಮನೆಯ ಒಳಗಿನ ಮೂಲೆಯಲ್ಲಿ ಇದ್ದೇನೆ. ಉಸಿರನ್ನು ಹಿಡಿದಿಡುವುದಕ್ಕಿಂತ ಕೊಟ್ಟುಬಿಡುವುದರಲ್ಲೇ ಹೆಚ್ಚು ಸುಖ ಎಂದು ಇಲ್ಲಿ ನಿಂತು ನನಗೆ ಅನಿಸಿದೆ. ಮೊನ್ನೆ ಹಿರಿಯರಿಗೆ ಎಡೆ ಬಡಿಸುವ ದಿನ ಬಂತು. ಎಲೆಗಳ ಸಾಲಿನಲ್ಲಿ ದೂಮಜ್ಜನದೂ ಒಂದು. ಹೆಸರು ಹಿಡಿದು ಮೂರು ಸಲ ಕರೆಯಿರಿ ಎಂದು ಯಾರೋ ಲಚ್ಚಮ್ಮನಿಗೆ ನೆನಪಿಸಿದರು.

"ಮೂರು ಸಲ ಕರೆಯುವುದು ದೂರ ಇರುವವರನ್ನು" ಎಂದರು ಲಚ್ಚಮ್ಮ. "ಇವರು ಒಳಗೇ ಇದ್ದಾರಲ್ಲ." ಹಾಗೆಂದು ಅಪ್ಪನನ್ನು ಊಟಕ್ಕೆ ಒಂದೇ ಸಲ ಕರೆದರು, ಅದೂ ಮೆಲ್ಲಗೆ.