ಹಾಲಿಗೆ ಹಾಕಬೇಕಾದ ಓಲ್ಚಾನಿ

ಲೇಶಾನ್ ಮತ್ತೆ ಮುಖ ತಿರುಗಿಸಿದ. ಬೆಳಗ್ಗೆಯಿಂದ ಇದು ನಾಲ್ಕನೇ ಸಲ. ಸಿಮಲೋಯ್ ಮಗನ ಗಲ್ಲ ಹಿಡಿದು ಹಾಲಿನ ಸೋರೆಬುರುಡೆಯನ್ನು ತುಟಿಗಿಟ್ಟರೆ ಹಲ್ಲು ಕಚ್ಚಿಕೊಂಡ. ನಾಲ್ಕು ವರ್ಷದ ಹುಡುಗ. ಊದಿದ ಹೊಟ್ಟೆಯೊಂದು ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಸಂತೆಯಿಂದ ತಂದ ಮಾತ್ರೆ ನುಂಗಿಸಿದರೂ ಊತ ಇಳಿದಿಲ್ಲ ಎಂದು ಹೇಳಿಕೊಂಡಾಗ, ಹೊಟ್ಟೆಯಲ್ಲಿ ಹುಳ ಅಂದಿದ್ದ ಡಿಸ್ಪೆನ್ಸರಿಯ ನರ್ಸ್. ಅವನು ಕೊಟ್ಟ ಬಿಳಿ ಪುಡಿ ಹಾಲಿನಲ್ಲೇ ಇತ್ತು, ಆದರೆ ಮೂರು ದಿನದಿಂದ ಒಂದು ಗುಟುಕೂ ಒಳಗೆ ಹೋಗಿರಲಿಲ್ಲ.

ಎಲ್ಲ ಒಂದು ಮಾತಿನ ತೊಡಕು. ನಮ್ಮ ಮಾಸಾಯಿ ಭಾಷೆಯಲ್ಲಿ ಮರವೂ ಓಲ್ಚಾನಿ, ಮದ್ದೂ ಓಲ್ಚಾನಿ. ಮದ್ದೆಲ್ಲ ಮರದಿಂದಲೇ ಬರುತ್ತಿದ್ದಾಗ ಇನ್ನೊಂದು ಹೆಸರು ಯಾರಿಗೆ ಬೇಕಿತ್ತು? ನರ್ಸ್ ಗಿಚೂಕಿ ಬೆಟ್ಟದಾಚೆಯವನು. ಬಂದು ಆರು ತಿಂಗಳಾಗಿತ್ತು, ನಮ್ಮ ಭಾಷೆಯನ್ನು ತಡವರಿಸುತ್ತ ಆಡುತ್ತಿದ್ದ. "ಓಲ್ಚಾನಿ ನಿಲ್ಲಿಸಿಬಿಡಮ್ಮ. ಹಾಲಿಗೆ ಓಲ್ಚಾನಿ ಹಾಕಿ ಕೊಡು" ಎಂದು ಪೊಟ್ಟಣ ಕೈಗಿಟ್ಟಿದ್ದ. ಯಾವುದನ್ನು ನಿಲ್ಲಿಸುವುದು, ಯಾವುದನ್ನು ಹಾಕುವುದು? ಹಿಂದೆ ಸಾಲು ನಿಂತಿತ್ತು, ಕೇಳಲು ಸಿಮಲೋಯ್‌ಗೆ ನಾಚಿಕೆಯಾಯಿತು. ಪುಡಿ ಹಾಕಬೇಕು, ಅತ್ತೆಯ ಜಾಲಿ ತೊಗಟೆ ನಿಲ್ಲಿಸಬೇಕು ಎಂದು ದಾರಿಯಲ್ಲಿ ತಾನೇ ಅರ್ಥ ಮಾಡಿಕೊಂಡಳು.

ತೊಗಟೆಯ ಕಷಾಯ ಬೀಳದ ಹಾಲನ್ನು ಆ ಮನೆಯಲ್ಲಿ ಯಾರೂ ಕುಡಿದವರಲ್ಲ. ಕಾಲಿಗೆ ಬಲ, ಹೊಟ್ಟೆಗೆ ಹಿತ ಎಂದು ಅತ್ತೆ ನೊಂಗಿಪ ಏಳು ಮಕ್ಕಳನ್ನು ಅದರಲ್ಲೇ ಬೆಳೆಸಿದ್ದಳು. ಸೊಸೆಯ ಮಾತು ಕೇಳಿ ಅವಳು ಜಗಳವಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು. ಸಿಮಲೋಯ್ ಮದುವೆಯಾಗಿ ಬಂದ ದಿನ ಅತ್ತೆ ಅವಳಿಗೊಂದು ಕಡಸು ಕೊಟ್ಟಿದ್ದಳು. ಹಸು ಕೊಟ್ಟವರೂ ಪಡೆದವರೂ ಆಮೇಲೆ ಒಬ್ಬರನ್ನೊಬ್ಬರು ಪಾಕಿಟೆಂಗ್ ಎಂದೇ ಕರೆಯಬೇಕು. ಈ ಮೂರು ದಿನ ಅತ್ತೆ ಆ ಹೆಸರೆತ್ತಿರಲಿಲ್ಲ, "ಏ ಇವಳೇ" ಎನ್ನುತ್ತಿದ್ದಳು. ಸಿಮಲೋಯ್‌ಗೆ ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಈಗ ನೊಂಗಿಪ ಬಂದು ಆ ಹಾಲಿಗೆ ಬೆರಳು ಅದ್ದಿ ನೆಕ್ಕಿದಳು.

"ಒಗರೇ ಇಲ್ಲ. ಇದನ್ನ ಮಗು ಹಾಲು ಅಂತ ಹೇಗೆ ನಂಬುತ್ತೆ, ಹೇಳು?"

ಸಿಮಲೋಯ್‌ಗೆ ದಿಕ್ಕು ತೋಚದಾಯಿತು. ತೊಗಟೆ ಹಾಕಿದರೆ ಪುಡಿಯ ಜೊತೆ ಏನಾಗುತ್ತದೋ, ಹಾಕದಿದ್ದರೆ ಮಗು ಉಳಿಯುವುದೋ ಇಲ್ಲವೋ. ಮಗನನ್ನು ಬೆನ್ನಿಗೆ ಕಟ್ಟಿಕೊಂಡು, ಪೊಟ್ಟಣ ಹಿಡಿದು ಡಿಸ್ಪೆನ್ಸರಿಯ ದಾರಿ ಹಿಡಿದಳು. ಹತ್ತು ಹೆಜ್ಜೆ ಹಿಂದೆ ಅತ್ತೆಯೂ ತನ್ನ ಬುರುಡೆ ತೂಗುಹಾಕಿಕೊಂಡು ಬಂದಳು.

ಗಿಚೂಕಿ ಕೇಳಿ ಕಕ್ಕಾಬಿಕ್ಕಿಯಾದ. ಮಾತು ಸಾಲದೆ ಕೈ ಚಾಚಿ ಮರ ತೋರಿಸಿದ, ಬೆರಳು ಮಡಚಿ ಮಾತ್ರೆ ತೋರಿಸಿದ.

"ಸಂತೇಲಿ ಮಾತ್ರೆ ತಂದು ನುಂಗಿಸ್ತಿದ್ದೆಯಲ್ಲ, ಅದನ್ನ ನಿಲ್ಲಿಸು ಅಂದಿದ್ದು. ತೊಗಟೆ ಸುದ್ದಿ ನಾನೆಲ್ಲಿ ಎತ್ತಿದೆ?"

ಹಾಗಾದರೆ ತೊಗಟೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಳು. ನಗರದಿಂದ ಯಾರೋ ಬಂದು ಅದನ್ನೇ ಕೇಳಿ, ಚೀಲ ತುಂಬ ತೊಗಟೆ ಒಯ್ದಿದ್ದರಂತೆ. ಉತ್ತರ ಇನ್ನೂ ಬಂದಿಲ್ಲವಂತೆ. ಹುಟ್ಟಿದಾಗಿನಿಂದ ಕುಡಿಯುತ್ತಿರುವ ಹಾಲಾದರೆ ಅದರಲ್ಲೇ ಪುಡಿ ಹಾಕಿ ಕೊಡಿ, ಮೊದಲು ಒಳಗೆ ಹೋಗಲಿ ಅಂದ. ಸಿಮಲೋಯ್ ತಲೆಯ ಗೋಜಲು ಹಾಗೇ ಉಳಿಯಿತು. ಮೂರು ದಿನ ತೊಗಟೆ ತಪ್ಪಿಸಿ ಮಗನನ್ನು ಯಾವುದರಿಂದ ಕಾಪಾಡಿದೆ ನಾನು?

ಹೊರಗಿನ ನೆರಳಲ್ಲಿ ನೊಂಗಿಪ ತನ್ನ ಬುರುಡೆಯ ಮುಚ್ಚಳ ತೆಗೆದಳು. ಕಷಾಯ ಬೆರೆತು ಕೆಂಪಗಾದ ಹಾಲು. ಸಿಮಲೋಯ್ ಪುಡಿ ಸುರಿದಳು. ಲೇಶಾನ್ ಮೂಸಿ ನೋಡಿ, ಎರಡು ಕೈಯಲ್ಲೂ ಬುರುಡೆ ಹಿಡಿದು ಗಟಗಟ ಕುಡಿದ.

"ಹುಳ ಬಿದ್ದರೆ ಯಾವ ಓಲ್ಚಾನಿಗೆ ಬಿತ್ತು ಅಂತೀಯ?" ಅತ್ತೆ ಕೇಳಿದಳು.

"ನಂಗೊತ್ತಿಲ್ಲ."

ಮುದುಕಿ ಬುರುಡೆ ಇಸಿದುಕೊಂಡು ಒಳಗೆ ಇಣುಕಿದಳು. ಮೂರು ದಿನದ ಮುನಿಸಿಗೆ ಕಾರಣವಾದ ಪುಡಿ ತಳದಲ್ಲಿ ಬೆಳ್ಳಗೆ ಕೂತಿತ್ತು.

"ಇನ್ನೂ ಇದೆ. ಅಲ್ಲಾಡಿಸಿ ಕೊಡು, ಪಾಕಿಟೆಂಗ್."

ಸಿಮಲೋಯ್ ಬುರುಡೆ ಕೈಗೆ ತೆಗೆದುಕೊಂಡು ಅಲ್ಲಾಡಿಸತೊಡಗಿದಳು.