ಸಿದ್ದರಾಮಪ್ಪನ ಸೋತ ತಂಡ

"ಇನ್ನಷ್ಟು ಎಡಕ್ಕ ತೊಗೋರಿ. ಹಾಂ, ಈಗ ತಲಿ ಹಿಡೀರಿ," ಎಂದ ತಾಯಪ್ಪ.

ಸಿದ್ದರಾಮಪ್ಪನನ್ನು ಗೋಡೆಗೆ ಒರಗಿಸಿ ಕೂರಿಸುವ ಕೆಲಸ ನಡೆದಿತ್ತು. ಲಿಂಗವಂತರ ಮನೆಯ ಸಾವು, ಮಲಗಿಸಿ ಒಯ್ಯುವಂತಿಲ್ಲ. ಪದ್ಮಾಸನ ಹಾಕಿಸಿ, ಹಣೆಗೆ ವಿಭೂತಿ ಬಳಿದು ಕೂರಿಸಬೇಕು. ಆದರೆ ಎಷ್ಟು ಸಲ ಕೂರಿಸಿದರೂ ಸಿದ್ದರಾಮಪ್ಪ ಬಲಕ್ಕೆ ವಾಲುತ್ತಿದ್ದ. ಜೀವಮಾನವೆಲ್ಲ ಅವನ ಜೊತೆ ಗೌಂಡಿ ಕೆಲಸ ಮಾಡಿದ, ಅವನು ಕಟ್ಟಿದ ಗೋಡೆಗಳಿಗೆ ಗಿಲಾವು ಹಾಕಿದ ತಾಯಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಜಿಂದಗಿ ತುಂಬಾ ಮಂದಿ ಗ್ವಾಡಿ ನೆಟ್ಟಗ ಮಾಡಿದಾ. ಈಗ ನೋಡು, ತಾನೇ ಓರಿ ಆಗ್ಯಾನ."

ಯಾರೋ ಕಿಸಕ್ಕೆಂದರು. ಸೂಗಮ್ಮನಿಗೂ ನಗು ಬಂತು. ಗಂಡ ಸತ್ತ ಮರುದಿನ ನಗು ಬಂದದ್ದಕ್ಕೆ ನಾಚಿಕೆಯಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೋಡಿದವರು ಪಾಪ, ಅಳುತ್ತಿದ್ದಾಳೆ ಎಂದುಕೊಂಡರು. ನಿಜ ಹೇಳಬೇಕೆಂದರೆ ಅವಳು ಇನ್ನೂ ಅತ್ತಿರಲಿಲ್ಲ. ನಿನ್ನೆ ಸಂಜೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಕೂತವನು ಹಾಗೇ ಕೂತುಬಿಟ್ಟ. ಇದೂ ಒಂದು ಹೋಗುವ ರೀತಿಯೇ ಎಂದು ಅವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಹೈದರಾಬಾದಿನ ಜೀಡಿಮೆಟ್ಲಾದ ಆ ಗಲ್ಲಿಯಲ್ಲಿ ಬೆಳಗಿನಿಂದ ಕಾಲಿಡಲು ಜಾಗವಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ, ಆದರೆ ಮಕ್ಕಳಿಲ್ಲದ ಮನೆ ಎಂದು ಇವತ್ತು ಯಾರೂ ಅನ್ನುವಂತಿರಲಿಲ್ಲ. ಬಾಗಿಲಿನಿಂದ ನಲ್ಲಿಯ ಕಟ್ಟೆಯವರೆಗೂ ಹುಡುಗರೇ. ಹಗಲು ಸೆಂಟ್ರಿಂಗ್ ಕಟ್ಟುವ, ಕಾಂಕ್ರೀಟು ಹೊರುವ, ಸಂಜೆ ಚೆಂಡು ಒದೆಯುವ ಹುಡುಗರು. ಸಿದ್ದರಾಮಪ್ಪ ಕಟ್ಟಿ ಬೆಳೆಸಿದ ತಂಡ. ಹೆಸರು ಗೌಂಡಿ ಬಾಯ್ಸ್.

ಅವರಲ್ಲಿ ಗೋಲು ಕಾಯುವ ಹುಲಗೇಶ ಸೂಗಮ್ಮನ ಎದುರು ಬಂದು ಕುಕ್ಕರಗಾಲಲ್ಲಿ ಕೂತ. ತಂಡಕ್ಕೆ ನಾಯಕನೂ ಅವನೇ.

"ಕಾಕು, ಇವತ್ತು ನಾವು ಆಡಂಗಿಲ್ಲ. ಎಲ್ಲಾರೂ ಮಾತಾಡೀವಿ."

"ಇವತ್ತು ಮ್ಯಾಚ್ ಐತೇನು?"

"ಸಂಜೀಕ ಐತಿ. ಉಪ್ಪಲಿನವರ ಕೂಡ. ಕಡೀ ಮ್ಯಾಚ್."

"ಆಡದಿದ್ರ ಏನಾಗತೈತಿ?"

ಹುಲಗೇಶ ನೆಲ ನೋಡಿದ. "ಟೀಮ್ ಲೀಗಿನಿಂದ ಹೋಗತೈತಿ, ಕಾಕು. ಸೋತ್ರೂ ಹೋಗತೈತಿ. ಗೆಲ್ಲೋದಿರಲಿ, ಸಮ ಗೋಲಾಗಿ ಬರೋಬರಿ ಆದ್ರೂ ಉಳೀತೀವಿ. ಆದ್ರ ಈ ವರ್ಷ ನಾವು ಒಂದರ ಬರೋಬರಿ ಮಾಡೀವೇನು? ಬರೇ ಸೋತೀವಿ. ಕಾಕಾನ ಮಣ್ಣ ಮಾಡಿ ಬಂದು, ಅವತ್ತೇ ಮತ್ತೊಮ್ಮೆ ಸೋಲೋದು ಯಾಕಂತ."

ಬೆಳಗಿನ ಗಾಡಿಗೆ ಸೇಡಮ್ಮಿನಿಂದ ಬಂದಿಳಿದಿದ್ದ ಸಿದ್ದರಾಮಪ್ಪನ ಅಣ್ಣ ಗುರುಬಸವ ಕೂತಲ್ಲಿಂದಲೇ ತಲೆ ಹಾಕಿದ. "ಶಾಣ್ಯಾ ಹುಡುಗರು. ಮಣ್ಣಿನ ದಿನ ಯಾರರ ಚೆಂಡ ಒದೀತಾರೇನು? ಸೂಗವ್ವ, ಈ ಚೆಂಡಿನ ಹುಚ್ಚು ಅವನ ಕೂಡೇ ಹೋಗಲಿ ಬಿಡು."

ಹುಚ್ಚು ಎಂಬ ಮಾತನ್ನು ಸೂಗಮ್ಮನೇ ಸಾವಿರ ಸಲ ಆಡಿದ್ದಳು. ಇವತ್ತು ಬೇರೆಯವರ ಬಾಯಲ್ಲಿ ಕೇಳಿದಾಗ ಯಾಕೋ ಮೈ ಉರಿಯಿತು.

*

ಫುಟ್‌ಬಾಲ್ ಅವರ ಸಂಸಾರಕ್ಕೆ ಬಂದದ್ದು ಒಂದು ಕಾಂಪೌಂಡು ಗೋಡೆಯಿಂದ. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಹೈದರಾಬಾದಿಗೆ ದುಡಿಯಲು ಬಂದಾಗ ಒಂದು ಆಟದ ಬಯಲಿನ ಸುತ್ತ ಗೋಡೆ ಕಟ್ಟುವ ಕೆಲಸ ಸಿಕ್ಕಿತು. ಅವಳು ಸಿಮೆಂಟಿನ ಮಾಲು ಕಲಸಿ ಕೊಡುವಳು, ಅವನು ಕಟ್ಟುವನು. ಒಳಗೆ ಹುಡುಗರು ಚೆಂಡು ಹಿಡಿದು ಬಂದರೆಂದರೆ ಮುಗಿಯಿತು, ಇವನ ಕೈ ನಿಂತೇ ಹೋಗುತ್ತಿತ್ತು. ಬುಟ್ಟಿಯಲ್ಲಿ ಮಾಲು ಒಣಗಿ ಕಲ್ಲಾಗುತ್ತಿತ್ತು. ಗೋಡೆ ಏರಿದಂತೆಲ್ಲ ಆಟ ಕಾಣದಾಗುತ್ತದಲ್ಲ ಎಂದು ಅವನಿಗೆ ಸಂಕಟ. ಕೊನೆಗೆ ಈ ಮಹಾರಾಯ ಏನು ಮಾಡಿದ ಅಂದರೆ, ತನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಇಟ್ಟಿಗೆಯ ಜಾಗ ಖಾಲಿ ಬಿಟ್ಟು ಮೇಲಕ್ಕೆ ಕಟ್ಟಿಕೊಂಡು ಹೋದ. ಗುತ್ತೇದಾರ ಬಂದು ನೋಡಿ, ಆ ಕಿಂಡಿ ಮುಚ್ಚಿಸಿ, ಇಬ್ಬರನ್ನೂ ಕೆಲಸದಿಂದ ಬಿಡಿಸಿದ. ಸೂಗಮ್ಮ ದಾರಿಯುದ್ದಕ್ಕೂ ಬೈದಳು. ಅವನು ದಾರಿಯುದ್ದಕ್ಕೂ ತಾನು ಕಂಡ ಆಟದ ಸುದ್ದಿ ಹೇಳಿದ.

ಅಂಥವನು ಕಟ್ಟಿದ ತಂಡ ಹೋದ ವರ್ಷ ಲೀಗಿನ ಕಪ್ಪು ಗೆದ್ದಿತು. ಕಂಪನಿಗಳ ತಂಡಗಳು, ಬಸ್ಸು ಮಾಡಿಕೊಂಡು ಬರುವ ತಂಡಗಳು, ಎಲ್ಲಕ್ಕೂ ಈ ಸಿಮೆಂಟಿನ ಕೈಯ ಹುಡುಗರು ಮಣ್ಣು ಮುಕ್ಕಿಸಿದ್ದರು. ಗಲ್ಲಿಯಲ್ಲಿ ಹಲಗಿ ಬಡಿದದ್ದೇನು, ಗುಲಾಲು ಎರಚಿದ್ದೇನು. ಆದರೆ ಗುಲಾಲು ಒರೆಸಿಕೊಳ್ಳುವುದರೊಳಗೆ ದೊಡ್ಡ ತಂಡಗಳವರು ಬಾಗಿಲಿಗೆ ಬಂದರು. ನಮ್ಮಲ್ಲಿ ಆಡಿ, ನೌಕರಿ ಕೊಡುತ್ತೇವೆ ಎಂದರು. ತಂಡದ ಅತಿ ಒಳ್ಳೆಯ ಆಟಗಾರ ಪ್ರಜ್ವಲನಿಗೆ ಉಪ್ಪಲಿನ ಒಂದು ಗೋದಾಮಿನವರು ತಿಂಗಳ ಪಗಾರ ಕೊಡುತ್ತೇವೆ ಅಂದರು. ಹುಡುಗ ಬಂದು ಇದೇ ಹೊಸ್ತಿಲ ಮೇಲೆ ಕೂತು ಅತ್ತ.

"ನಿನ್ನ ಬಿಟ್ಟು ಹ್ಯಾಂಗ ಹೋಗಲಿ, ಕಾಕಾ."

"ಕಾಲಾಗ ನಡಕೋತ ಹೋಗು," ಎಂದಿದ್ದ ಸಿದ್ದರಾಮಪ್ಪ. "ನಿಮ್ಮವ್ವ ಇನ್ನಾ ಎಷ್ಟು ದಿನ ಕಲ್ಲು ಹೊರಬೇಕು? ಹೋಗಲೇ."

ಪ್ರಜ್ವಲ ಹೋದ. ಅವನ ಹಿಂದೆ ಇನ್ನೂ ನಾಲ್ವರು ಹೋದರು. ಉಳಿದ ಜಾಗಕ್ಕೆ ಸಿದ್ದರಾಮಪ್ಪ ಊರಿನಿಂದ ಆಗಷ್ಟೇ ಬಂದಿಳಿದ, ಬೂಟು ಕಂಡಿರದ ಹುಡುಗರನ್ನು ತಂದು ನಿಲ್ಲಿಸಿದ. ಆಮೇಲೆ ಶುರುವಾಯಿತು ನೋಡಿ ಸೋಲು. ಕಪ್ಪು ಗೆದ್ದವರು ಎಲ್ಲರ ಕೈಯಲ್ಲೂ ಒದೆ ತಿಂದರು. ಗಲ್ಲಿಯವರು ಮೊದಮೊದಲು ಅಯ್ಯೋ ಅಂದರು, ಆಮೇಲೆ ನಕ್ಕರು, ಆಮೇಲೆ ನೋಡಲು ಹೋಗುವುದನ್ನೇ ಬಿಟ್ಟರು.

ಏಳು ಗೋಲು ತಿಂದ ದಿನವಂತೂ ಸಿದ್ದರಾಮಪ್ಪ ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ ಹಿಡಿದು, ಗೆದ್ದವನ ಹಾಗೆ ಮನೆಗೆ ಬಂದ.

"ಸೂಗಿ, ಇವತ್ತು ಎಂಟು ಬೀಳಬೇಕಿತ್ತು. ನಮ್ಮ ಹುಲಗ್ಯಾ ಒಂದು ತಡದ ನೋಡು, ಹಾರಿ ತಡದ."

ಅವಳು ರೊಟ್ಟಿಯನ್ನು ಜೋರುಜೋರಾಗಿ ಬಡಿದಳು. "ಮಂದಿ ಮಾರಿ ಮ್ಯಾಲ ನಗಾಕತ್ತಾರ. ನಿನಗ ನಾಚಿಕಿ ಅನ್ನೋದು ಐತೋ ಇಲ್ಲೋ?"

"ಹೋದ ವರ್ಷ ಐದು ಮಂದಿಗೆ ಹೊಟ್ಟಿಪಾಡಾತು. ಈ ವರ್ಷ ಐದು ಮಂದಿ ಹೊಸಾದಾಗಿ ಕಲ್ಯಾಕತ್ತಾರ. ಯಾವ ವರ್ಷ ಚಲೋ ಅಂತ ನೀನೇ ಹೇಳು."

ಅವಳು ಇನ್ನಷ್ಟು ಜೋರಾಗಿ ರೊಟ್ಟಿ ಬಡಿದಳು. ಪ್ರತಿ ಸೋಲಿನ ಸಂಜೆಯೂ ಹೀಗೇ. ಅವನು ಒಲೆಯ ಪಕ್ಕ ಕೂತು ಅವತ್ತು ಕಂಡ ಒಳ್ಳೆಯದನ್ನು ಬಾಯಿ ಚಪ್ಪರಿಸಿಕೊಂಡು ಹೇಳುವನು, ಅವಳು ಕೇಳಿಸದ ಹಾಗೆ ರೊಟ್ಟಿ ಬಡಿಯುವಳು.

*

ಕೂಗಾಟ ಕೇಳಿ ಸೂಗಮ್ಮ ತಲೆ ಎತ್ತಿದಳು. ಗಲ್ಲಿಯ ತುದಿಯಿಂದ ಪ್ರಜ್ವಲ ಜನರನ್ನು ಸರಿಸಿಕೊಂಡು ಬರುತ್ತಿದ್ದ. ಅವನ ಹಿಂದೆ, ತಂಡ ಬಿಟ್ಟು ಹೋಗಿದ್ದ ಉಳಿದ ನಾಲ್ವರೂ ಇದ್ದರು. ಒಬ್ಬೊಬ್ಬರೂ ಬಂದು ಸಿದ್ದರಾಮಪ್ಪನ ಪಾದಕ್ಕೆ ಹಣೆ ಹಚ್ಚಿದರು. ಪ್ರಜ್ವಲನ ಅವ್ವನೂ ಬಂದಿದ್ದಳು. ಮೈಮೇಲೆ ಹೊಸ ಸೀರೆ, ಕೈಯಲ್ಲಿ ದೊಡ್ಡ ಹೂವಿನ ಮಾಲೆ. ಹೋದ ವರ್ಷ ಈ ಹೊತ್ತಿಗೆ ಆ ಹೆಂಗಸು ತಲೆಯ ಮೇಲೆ ಕಲ್ಲಿನ ಬುಟ್ಟಿ ಹೊತ್ತು ನಾಲ್ಕನೇ ಮಹಡಿ ಹತ್ತುತ್ತಿದ್ದಳು. ಅದು ಸೂಗಮ್ಮನಿಗೆ ನೆನಪಾಯಿತು. ಐದು ಮಂದಿಗೆ ಹೊಟ್ಟೆಪಾಡಾಯಿತು ಎಂದು ಗಂಡ ಹೇಳಿದ್ದು ಸುಳ್ಳಲ್ಲ ಎನ್ನಿಸಿತು.

"ಕಾಕು, ಮ್ಯಾಚು ಬಿಡ್ತೀವಿ ಅಂತ ಇವರು ಅನ್ನಾಕತ್ತಾರ," ಎಂದ ಪ್ರಜ್ವಲ. ಅವನ ಕಣ್ಣು ಕೆಂಪಾಗಿದ್ದವು. "ನಾ ನಮ್ಮ ಉಪ್ಪಲಿನವರಿಗೆ ಹೇಳಿ ಬಂದೀನಿ. ಎಷ್ಟು ತಡಾ ಆದ್ರೂ ಕಾಯ್ತಾರ."

"ಎದರ ಸಲುವಾಗಿ ಆಡಬೇಕೋ?" ಹುಲಗೇಶ ಸಿಡಿದ. "ಕಾಕಾ ಕಪ್ ಗೆದ್ದು ಕೊಟ್ಟಾ. ನಾವು ಅವನ ಕೈಯಾಗ ಏನಿಟ್ಟೀವಿ ಈ ವರ್ಷ? ಒಂದರ ಚಲೋ ಸುದ್ದಿ ಇಟ್ಟೀವೇನು?"

ಸೂಗಮ್ಮ ಎದ್ದು ನಿಂತಳು.

"ನೀ ಎಂಟನೇ ಗೋಲ ತಡದಿದ್ದಿ," ಎಂದಳು.

ಹುಲಗೇಶನಿಗೆ ಅರ್ಥವಾಗಲಿಲ್ಲ.

"ಏಳು ಬಿದ್ದ ದಿನ. ಬಲಕ್ಕ ಹಾರಿದ್ದಿ, ಮೊಣಕೈ ಕೆತ್ತಿ ಹೋಗಿತ್ತು. ಅಂವಾ ಅವತ್ತು ಭಜಿ ತಂದಿದ್ದ." ಅವಳು ಪಕ್ಕದವನ ಕಡೆ ತಿರುಗಿದಳು. "ಅಕ್ಷಯ, ನೀ ಮೊದಲನೇ ಮ್ಯಾಚಿಗೆ ಎಡಗಾಲ ಬೂಟು ಬಲಗಾಲಿಗೆ ಹಾಕ್ಕೊಂಡು ಹೋಗಿದ್ದಿ. ಹೌದಿಲ್ಲೋ? ಅದೇ ನೀನು ದೀಪಾವಳಿ ಆದ ಮ್ಯಾಲ ಮೂರು ಮಂದೀನ ದಾಟಿ ಹೋದಿ. ಗೋಲ ಆಗಲಿಲ್ಲ. ಆದ್ರೂ ಅವತ್ತು ಅಂವಾ ಒಂದು ರೊಟ್ಟಿ ಹೆಚ್ಚು ತಿಂದ. ಕಾರ್ತಿಕ, ನೀ ಅವರ ಹುಡುಗ ಬಿದ್ದಾಗ ಆಟ ಬಿಟ್ಟು ಕೈ ಕೊಟ್ಟು ಎಬ್ಬಿಸಿದಿ. ಅಷ್ಟರಾಗ ಅವರು ಗೋಲ ಹೊಡದ್ರು. ಎಲ್ಲಾರೂ ನಿನ್ನ ಬೈದ್ರು. ಅಂವಾ ಮನಿಗೆ ಬಂದು, ಸೂಗಿ, ಇವತ್ತು ನಾ ಒಬ್ಬ ಮನಷ್ಯಾನ್ನ ತಯಾರ ಮಾಡೀನಿ ಅಂದ."

ಕಾರ್ತಿಕ ಮುಖ ಮುಚ್ಚಿಕೊಂಡ. ಇಡೀ ವರ್ಷ ರೊಟ್ಟಿ ಬಡಿಯುತ್ತ ಕಿವಿ ಮುಚ್ಚಿಕೊಂಡಿದ್ದೇನೆ ಎಂದೇ ಸೂಗಮ್ಮ ತಿಳಿದಿದ್ದಳು. ಒಂದು ಮಾತೂ ತಪ್ಪಿಸಿಕೊಂಡಿರಲಿಲ್ಲ.

"ಅವನ ಕೈಯಾಗ ಏನಿಟ್ಟೀವಿ ಅಂತ ಕೇಳ್ತೀರಲ್ಲ, ದಿನಾ ಕೈ ತುಂಬಿಸಿ ಕಳಿಸೀರಿ. ಇವತ್ತು ಆಡ್ರಿ."

"ಸೂಗವ್ವ," ಗುರುಬಸವನ ದನಿ ಗಡುಸಾಯಿತು. "ಸೂತಕದಾಗ ಆಟ ಆಡಿದ್ರ ಮಂದಿ ಏನಂತಾರ?"

ಅವಳು ಭಾವನಿಗೆ ಎದುರು ಮಾತಾಡಿದವಳಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಕಡೆ ತಿರುಗಿ ಕೈ ಮುಗಿದಳು. "ಅಯ್ಯಾರ, ನೀವೇ ಹೇಳ್ರಿ. ಲಿಂಗ ಕಟ್ಟಿದ ಮನಿಗೆ ಸೂತಕ ಐತೇನ್ರಿ?"

ಬಿಲ್ವಪತ್ರೆ ಜೋಡಿಸುತ್ತಿದ್ದ ಅಯ್ಯನವರು ಕೈ ನಿಲ್ಲಿಸಲಿಲ್ಲ. "ಇಲ್ಲವಾ. ಅದನ್ನ ಬಿಟ್ಟು ಭಾಳ ವರ್ಷ ಆತು. ಗುರುಬಸವಪ್ಪನವರು ಮರತಾರ."

ತಾಯಪ್ಪ ಗಟ್ಟಿಯಾಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

*

ಸಿದ್ದರಾಮಪ್ಪನನ್ನು ಹೂವಿನ ಕುರ್ಚಿಯಲ್ಲಿ ಹೊತ್ತವರಲ್ಲಿ ಕಪ್ಪು ಗೆದ್ದವರೂ ಇದ್ದರು, ಬರೀ ಸೋತವರೂ ಇದ್ದರು. ರುದ್ರಭೂಮಿಯಲ್ಲಿ ಸಮಾಧಿಯ ಗೂಡನ್ನು ಗೌಂಡಿ ಹುಡುಗರೇ ತೆಗೆದಿದ್ದರು, ಮೂಲೆಗಳು ನೋಡುವ ಹಾಗಿದ್ದವು. ಒಳಗೆ ಕೂರಿಸಿದಾಗ ಈ ಸಲ ಅವನು ವಾಲಲಿಲ್ಲ. ವಿಭೂತಿ ತುಂಬಿದರು, ಪತ್ರೆ ಹಾಕಿದರು, ಮಣ್ಣು ಕೊಟ್ಟರು. ಸೂಗಮ್ಮ ತನ್ನ ಪಾಲಿನ ಮಣ್ಣು ಕೊಟ್ಟು, ಹುಡುಗರ ಕಡೆ ನೋಡಿ, "ನಡೀರಿ, ಹೊತ್ತಾತು," ಎಂದಳು.

ಮೈದಾನಕ್ಕೆ ಅವಳು ಬಂದದ್ದು ಅದೇ ಮೊದಲು. ಜೊತೆಗೆ ಮಣ್ಣಿಗೆ ಬಂದವರೆಲ್ಲ ಬಂದಿದ್ದರು. ನೋಡುವವರಿಲ್ಲದೆ ವರ್ಷ ಕಳೆದ ತಂಡಕ್ಕೆ ಇವತ್ತು ಒಂದು ಗಲ್ಲಿಯೇ ಸಾಲುಗಟ್ಟಿ ನಿಂತಿತ್ತು. ಗುರುಬಸವ, ತಮ್ಮನ ಹೆಂಡತಿಯನ್ನು ಒಬ್ಬಳೇ ಬಿಡಬಾರದು ಎಂದು ಬಂದಿದ್ದೇನೆ ಎಂದು ಕೇಳದವರಿಗೂ ಹೇಳುತ್ತಿದ್ದ.

ಶುರುವಾಗುವ ಮೊದಲು ಪ್ರಜ್ವಲ ಬಂದು ಅವಳ ಕಾಲು ಮುಟ್ಟಿದ. ಈಗ ಅವನು ಎದುರಾಳಿ.

"ಕಾಕು, ನಾ ಬಿಟ್ಟು ಕೊಡಂಗಿಲ್ಲ. ಕೊಟ್ರ ಕಾಕಾ ಎದ್ದು ಬಂದು ಒದೀತಾನ."

"ಬಿಟ್ಟು ಕೊಟ್ರ ನಾನೇ ಒದೀತೀನಿ," ಎಂದಳು.

ಅವನು ಬಿಟ್ಟು ಕೊಡಲಿಲ್ಲ. ಆಟ ಅರ್ಧಕ್ಕೆ ಬರುವ ಮೊದಲೇ ಗೋಲು ಹೊಡೆದ. ಹೊಡೆದು ಕುಣಿಯಲಿಲ್ಲ, ಎರಡೂ ಕೈ ಮುಗಿದು ಹಿಂದಕ್ಕೆ ನಡೆದ. ಗಲ್ಲಿಯವರು ಮಂಕಾದರು. ಮತ್ತದೇ ಕತೆ ಎಂದು ಯಾರೋ ಗೊಣಗಿದರು. ಸೂಗಮ್ಮ ಗೆರೆಯ ತನಕ ನಡೆದು ಹೋಗಿ, ಜೀವಮಾನದಲ್ಲಿ ಎಂದೂ ಎತ್ತದ ದನಿ ಎತ್ತಿದಳು.

"ಅಕ್ಷಯ, ಮೂರು ಮಂದಿ ದಾಟಿದವಗ ಇಬ್ಬರೇನು ದೊಡ್ಡ ಮಾತು? ಹೋಗು."

ಅಕ್ಷಯ ಹೋದ. ಒಬ್ಬನನ್ನು ದಾಟಿದ, ಇನ್ನೊಬ್ಬ ಅಡ್ಡ ಬಂದು ಕೆಡವಿದರೂ ಎದ್ದು ಓಡಿ ಚೆಂಡನ್ನು ಕಾರ್ತಿಕನಿಗೆ ಕೊಟ್ಟ, ಕಾರ್ತಿಕ ಕಣ್ಣು ಮುಚ್ಚಿ ಒದ್ದ. ಬಲೆ ಅಲುಗಿತು. ಮಣ್ಣಿನಿಂದ ಬಂದ ಮಂದಿ ಕೇಕೆ ಹಾಕಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಇದ್ದದ್ದಾಗಲಿ ಎಂದು ಮತ್ತೊಮ್ಮೆ ಹಾಕಿದರು.

ಕೊನೆಯ ಹೊತ್ತೆಲ್ಲ ಉಪ್ಪಲಿನವರು ಮೈಮೇಲೆ ಬಂದರು. ಚೆಂಡು ಪ್ರಜ್ವಲನ ಕಾಲಿಗೆ ಸಿಕ್ಕಿತು, ಎದುರಿಗೆ ಹುಲಗೇಶ ಒಬ್ಬನೇ. ಇಬ್ಬರಿಗೂ ಆಟ ಕಲಿಸಿದವನು ಒಬ್ಬನೇ. ಯಾರು ಗೆದ್ದರೂ ಅವನದೇ ಗೆಲುವು ಎಂದು ಸೂಗಮ್ಮನಿಗೆ ಆ ಕ್ಷಣ ಹೊಳೆಯಿತು. ಆದರೂ ಅವಳ ಜೀವ ಹುಲಗೇಶನ ಕಡೆಗೇ ವಾಲಿತು. ಪ್ರಜ್ವಲ ಇದ್ದ ಬಲವೆಲ್ಲ ಹಾಕಿ ಒದ್ದ. ಹುಲಗೇಶ ಹಾರಿದ. ಚೆಂಡು ಅವನ ಬೆರಳ ತುದಿಗೆ ಬಡಿದು ಹೊರಗೆ ಹೋಯಿತು.

ಗುರುಬಸವ ಗೆರೆಯೊಳಗೆ ನುಗ್ಗಿ, ಧೋತರ ಮೇಲೆತ್ತಿ ಹಿಡಿದು, ಟೈಮ್ ಮುಗಿದೈತಿ, ಸೀಟಿ ಊದ್ರಿ ಎಂದು ರೆಫ್ರಿಯೊಂದಿಗೆ ಕನ್ನಡದಲ್ಲಿ ಜಗಳ ತೆಗೆದಿದ್ದ. ಸೀಟಿ ಊದಿತು. ಒಂದಕ್ಕೆ ಒಂದು, ಬರೋಬರಿ. ಹುಡುಗರು ನೆಲದ ಮೇಲೆ ಉರುಳಾಡಿದರು, ಪ್ರಜ್ವಲ ಹೋಗಿ ಹುಲಗೇಶನನ್ನು ಎತ್ತಿ ತಬ್ಬಿಕೊಂಡ. ಸೂಗಮ್ಮನಿಗೆ ಆಗ ಅಳು ಬಂತು. ನಿನ್ನೆಯಿಂದ ಬರದೆ ನಿಂತದ್ದೆಲ್ಲ ಒಮ್ಮೆಲೇ ಬಂತು. ಅಳುತ್ತಲೇ ನಗುತ್ತಿದ್ದಳು, ತಡೆಯಲೂ ಹೋಗಲಿಲ್ಲ.

ಲೀಗಿನ ಕೊನೆಯ ದಿನ, ಉಳಿದುಕೊಂಡ ತಂಡದ ಹಿರಿಯರು ಮುಂದೆ ಬಂದು ಮುಂದಿನ ವರ್ಷವೂ ಬರುತ್ತೇವೆಂದು ಹೇಳುವುದು ಅಲ್ಲಿನ ವಾಡಿಕೆ. ರೆಫ್ರಿ ನಡುಬಯಲಿಗೆ ಬಂದು, ಈ ತಂಡಕ್ಕೆ ಹಿರಿಯರು ಯಾರು ಎಂದು ತೆಲುಗಿನಲ್ಲಿ ಕೂಗಿದ. "ಗೌಂಡಿ ಬಾಯ್ಸ್‌ಕಿ ಪೆದ್ದ ಎವರು?"

ಇಷ್ಟು ವರ್ಷ ಆ ಕೂಗಿಗೆ ಓಗೊಟ್ಟವನು ಈಗಷ್ಟೇ ಮಣ್ಣಾಗಿದ್ದ. ತಾಯಪ್ಪ ಗುರುಬಸವನನ್ನು ನೋಡಿದ, ಗುರುಬಸವ ತಾಯಪ್ಪನನ್ನು ನೋಡಿದ. ರೆಫ್ರಿ ಇನ್ನೊಮ್ಮೆ ಕೂಗಿದ.

ಸೂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆ ದಾಟಿದಳು. ಬೆಳಿಗ್ಗೆಯಷ್ಟೇ ಬಳೆ ತೆಗೆದಿದ್ದ ಕೈಯನ್ನು, ಉಗುರಲ್ಲಿ ಇನ್ನೂ ಮಣ್ಣಿದ್ದ ಹಾಗೇ, ಬಯಲಿನ ಆ ತುದಿಗೂ ಕಾಣುವಂತೆ ನೆಟ್ಟಗೆ ಮೇಲೆತ್ತಿದಳು.