ಕುಂಚಿಗೆಯಾದ ಸೋಸುವ ಬಟ್ಟೆ

ಸೀಮಂತದ ಕುಬಸ ಮುಗಿದ ಮೇಲೆ ಬಸುರಿ ಮಗಳು ತವರಿಗೆ ಬರಬೇಕು. ಚೊಚ್ಚಲ ಬಾಣಂತನ ತಾಯಿಯ ಮನೆಯಲ್ಲೇ ಆಗಬೇಕು. ಆದರೆ ನಿಂಬೆವ್ವನ ಮಗಳು ಗುರುಬಾಯಿ ಬರಲಿಲ್ಲ. ಗೊಬ್ಬೂರಿನಿಂದ ಬೀಗತಿ ಸುಭದ್ರಾಬಾಯಿ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: “ನಿಮ್ಮೂರ ನೀರು ಕುಡದವರಿಗಿ ನಾರುಹುಣ್ಣು ಆಗ್ತದ. ನಿಮ್ಮ ಯಜಮಾನರ ಕಾಲು ನೋಡೀವಲ್ಲ! ಬಸುರಿ ಸೊಸಿನ್ನ ಅಲ್ಲಿಗಿ ಕಳಸಂಗಿಲ್ರಿ.”

ಅವರ ಮಾತು ಸುಳ್ಳೇನಲ್ಲ. ನಿಂಬೆವ್ವನ ಗಂಡ ಸೈದಪ್ಪನ ಕಾಲಿನ ಹುಣ್ಣಿನಿಂದ ದಾರದಂಥ ಬಿಳಿ ಹುಳು ಇಣುಕುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರ ನಿಂಬೆವ್ವನ ಊರಿಗೆ ಬಂತು. ನಾನು ಖುರ್ಷಿದ. ಗುಲಬರ್ಗಾದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಎನ್.ಎಸ್.ಎಸ್. ಅಂದರೆ ಕಾಲೇಜಿನ ಅಂಗಳ ಗುಡಿಸುವುದು, ಬೇವಿನ ಸಸಿ ನೆಡುವುದು, ಅದನ್ನು ಆಡು ತಿಂದರೆ ಮತ್ತೆ ನೆಡುವುದು, ಇಷ್ಟೇ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಮನೆಮನೆಗೆ ನೀರು ಸೋಸುವ ಬಟ್ಟೆ ಹಂಚುವ ಕೆಲಸ. ನನಗೆ ಉಳಿಯಲು ಸಿಕ್ಕಿದ್ದು ನಿಂಬೆವ್ವನ ಮನೆ.

ಮಗಳ ತಾಟಿನಲ್ಲೇ ಆಕೆ ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಬಸ್ಸಿನ ಸದ್ದು ಕೇಳಿದರೆ ಸಾಕು, ಹಂಚಿನ ಮೇಲಿನ ರೊಟ್ಟಿ ಬಿಟ್ಟು ಬಾಗಿಲಿಗೆ ಓಡುವಳು. ರೊಟ್ಟಿ ಸೀದು ಹೋಗುತ್ತಿತ್ತು, ನಾನು ಸುಮ್ಮನೆ ತಿನ್ನುತ್ತಿದ್ದೆ. ಅಮ್ಮಿ ತೀರಿಕೊಂಡ ಮೇಲೆ ನನ್ನ ದಾರಿಯನ್ನು ಹಾಗೆ ಕಾಯುವವರು ಯಾರೂ ಇರಲಿಲ್ಲ. ನೋಡದ ಗುರುಬಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

“ಅವ್ವಾ, ಈ ಅರಿವಿ ಎರಡು ಪದರು ಮಡಚಿ ಕೊಡದ ಬಾಯಿಗಿ ಬಿಗೀರಿ. ನೀರು ಸೋಸಿ ಕುಡದ್ರ ನಾರಿನ ಕಾಟ ತಪ್ತದ,” ಎಂದೆ.

“ನಾರು ಅಂದ್ರ ಮೈಯಾಗಿನ ನರ ಬೇ. ಉಷ್ಣ ಆದ್ರ ಹೊರಗ ಬರ್ತದ. ಅದಕ್ಕೂ ನೀರಿಗೂ ಏನ್ ಸಂಬಂಧ?”

“ನರ ಅಲ್ರಿ, ಹುಳ. ಹುಣ್ಣಿನ ಕಾಲಿಟ್ಟು ಬಾವಡಿ ಮೆಟ್ಟಲ ಇಳದು ನೀರಾಗ ನಿಂತ್ರ, ಅದರ ಮರಿ ನೀರಾಗ ಬೀಳ್ತಾವ. ನೀರಾಗಿನ ಸಣ್ಣ ಕ್ರಿಮಿ ಅವನ್ನ ನುಂಗ್ತಾವ. ಆ ಕ್ರಿಮಿ ನಮ್ಮ ಹೊಟ್ಯಾಗ ಹೋಗ್ತಾವ.”

“ನಿನ್ನಿನೂ ಅದೇ ನೀರು ಕುಡದೀನಿ. ನನಗೇನಾಗ್ಯಾದ?”

“ಈಗ ಕುಡದದ್ದು ಬರೋ ವರ್ಷ ಕಾಲಾಗ ಕಾಣ್ತದ್ರಿ. ಅದಕ್ಕೇ ಯಾರಿಗೂ ನೀರಿನ ಮ್ಯಾಲ ಗುಮಾನಿ ಬರಂಗಿಲ್ಲ.”

ನಿಂಬೆವ್ವ ತಲೆಯಾಡಿಸಿ ಬಟ್ಟೆ ತೆಗೆದುಕೊಂಡಳು. ಮರುದಿನ ನೋಡಿದರೆ ಕೊಡದ ಬಾಯಿ ಬೋಳು!

“ಅರಿವಿ ಎಲ್ಲದ್ರಿ?”

ಆಕೆ ನಾಚಿಕೊಂಡು ಟ್ರಂಕು ತೆರೆದಳು. ಬಟ್ಟೆ ಕುಂಚಿಗೆಯಾಗಿತ್ತು. ಕೂಸಿನ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗೆ. ಬಟ್ಟೆಯನ್ನು ಕತ್ತರಿಸದೆ, ಮಡಚಿ, ಒಂದು ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿದ್ದಳು.

“ಹೊಸಾ ಅರಿವಿ, ಎಷ್ಟು ನಾಜೂಕ ಅದ ನೋಡು. ನೀರಿಗಿ ಹಾಕಿ ಖರಾಬ ಮಾಡ್ಲೇನು? ಮಗಳ ಕೂಸಿಗಿ ಹೊಲದೀನಿ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುಂಚಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದೆ: “ಭಾಳ ಛಂದ ಅದ ಅವ್ವಾ. ಆದ್ರ ಇದನ್ನ ತೊಡೋ ಕೂಸು ಎಲ್ಲಿ ಹುಟ್ತದ? ನೀರು ಸೋಸಲಿಲ್ಲಂದ್ರ ಗೊಬ್ಬೂರದಾಗೇ ಹುಟ್ತದ. ನೀವು ಇಲ್ಲಿ ಟ್ರಂಕ ತಗದು ನೋಡ್ಕೋತ ಕೂಡಬೇಕು.”

ನಿಂಬೆವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಸೂಜಿ ಹುಡುಕಿ, ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಒಂದು ಮೂಲೆಯಲ್ಲಿ ಮಾತ್ರ, ಮೇಲಿನ ಮಗ್ಗಲಿಗೆ ಕಾಣುವಂತೆ, ಕೆಂಪು ದಾರದ ಗಂಟು ಉಳಿಸಿಕೊಂಡಳು. ಸೂಜಿಯ ತೂತಿದ್ದ ಅಂಚನ್ನು ಕೊಡದ ಬಾಯಿಯಾಚೆ ಬಿಟ್ಟು, ಬಟ್ಟೆಯನ್ನು ಬಿಗಿಯಾಗಿ ಕಟ್ಟಿದೆವು.

ಸೈದಪ್ಪ ಹೊರಸಿನ ಮೇಲಿಂದ ಗೊಣಗಿದ: “ನಾ ಬಾವಡಿಗಿ ಇಳೀಬಾರದಂದ್ರ ನೀರು ಯಾರ್ ತರ್ತಾರ?”

“ನಾ ತರ್ತೀನಿ. ನೀವು ಹುಣ್ಣಿಗಿ ಪಟ್ಟಿ ಕಟಗೊಂಡು ಸುಮ್ಮ ಕೂಡ್ರಿ. ಮಗಳು ಬೇಕೋ, ಬಾವಡಿ ಬೇಕೋ?” ಎಂದು ನಿಂಬೆವ್ವ ಗದರಿದಳು.

ಆತ ಕಾಲು ಚಾಚಿ ಪಟ್ಟಿ ಕಟ್ಟಿಕೊಂಡ.

ನಾನೇ ಗೊಬ್ಬೂರಿಗೆ ಹೋಗಿ ಸುಭದ್ರಾಬಾಯಿಯವರನ್ನು ಕರೆತಂದೆ. ಅವರು ಕೊಡದ ಮುಂದೆ ಕುಳಿತು, ವಕೀಲರ ಹಾಗೆ ಸವಾಲು ಹಾಕಿದರು.

“ಸೋಸಿದ ಹೊಲಸು ಬಟ್ಟಿ ಮ್ಯಾಲೇ ಉಳಿತದ. ನಾಳಿ ಅದೇ ಮಗ್ಗಲು ಕೆಳಗ ಆದ್ರ?”

“ಕೆಂಪು ದಾರ ಗುರುತಿಗಿ ಬಿಟ್ಟೀನ್ರಿ. ದಾರದ ಗಂಟಿರೋ ಮಗ್ಗಲು ಯಾವಾಗ್ಲೂ ಮ್ಯಾಲೇ. ದಿನಾ ತೊಳದು ಬಿಸಲಾಗ ಒಣಗಸ್ತೀನಿ,” ಎಂದಳು ನಿಂಬೆವ್ವ.

ಸುಭದ್ರಾಬಾಯಿ ತಂಬಿಗೆ ಚಾಚಿದರು. ಸೋಸಿದ ನೀರನ್ನು ಗಟಗಟ ಕುಡಿದರು. “ಕಳಸ್ತೀವ್ರಿ,” ಎಂದರು.

ಶಿಬಿರ ಮುಗಿದ ದಿನ ನಾನು ಚೀಲ ಹಿಡಿದು ಬಸ್ಸಿಗೆ ನಿಂತಿದ್ದೆ. ಬಂದ ಬಸ್ಸಿನಿಂದ ತುಂಬು ಬಸುರಿಯೊಬ್ಬಳು ಮೆಲ್ಲಗೆ ಇಳಿದಳು. ಯಾರೆಂದು ಕೇಳಬೇಕಿರಲಿಲ್ಲ. ಬಸ್ಸಿನ ಸದ್ದಿಗೆ ಓಡಿಬಂದ ನಿಂಬೆವ್ವ ಮಗಳನ್ನು ತಬ್ಬಿಕೊಂಡಳು. ನಾನು ಸದ್ದಿಲ್ಲದೆ ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಕುಳಿತೆ. ಆಗ ಕಿಟಕಿಯ ಸರಳು ಹಿಡಿದು ನಿಂಬೆವ್ವ ಕೂಗಿದಳು:

“ಖುರ್ಷಿದಾ! ಅಕಿ ಬಂದ್ಲಂತ ನೀ ಹೇಳ್ದೇ ಹೊಂಟೇನು? ನಿನ್ನ ಬಾಣಂತನಾನೂ ಇಲ್ಲೇ. ನೀರು ಸೋಸಿ ಇಟ್ಟಿರ್ತೀನಿ, ಬರಬೇಕು ನೋಡು!”

ಅಕ್ಕಂದಿರೇ, ಅಣ್ಣಂದಿರೇ, ಅಂಥ ಸೋಸುವ ಬಟ್ಟೆ ನಿಮ್ಮ ಟ್ರಂಕಿನಲ್ಲೂ ಮಡಚಿ ಕುಳಿತಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಕೊಡದ ಬಾಯಿಗೆ ಬಿಗಿಯಿರಿ. ನಾರುಹುಣ್ಣಿದ್ದವರನ್ನು ಬಾವಡಿಯ ನೀರಿಗೆ ಇಳಿಯಗೊಡಬೇಡಿ, ಅವರ ಕೊಡವನ್ನು ನೀವೇ ತುಂಬಿಕೊಡಿ. ತವರಿನ ನೀರು ಕುಡಿಯಬೇಕೆಂದು ಎಲ್ಲೋ ಒಬ್ಬ ಮಗಳು ಕಾದು ಕುಳಿತಿರುತ್ತಾಳೆ.